ಹಸ್ತ ಮಳೆಯಲ್ಲಿ ಒಳಗಿನಿಂದ ಕೊಳೆಯುವ ಸೇವಂತಿಗೆ: ತಾರಸಿಯಲ್ಲಿ ಬೂಷ್ಟು ತಡೆಯುವುದು ಹೇಗೆ?

ಪ್ರಶ್ನೆ (ಬನಶಂಕರಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಎರಡನೆಯ ಮಹಡಿಯ ತಾರಸಿಯಲ್ಲಿ 22 ಕುಂಡಗಳಲ್ಲಿ ಸೇವಂತಿಗೆ ಬೆಳೆಸುತ್ತಿದ್ದೇನೆ. ಹಳದಿ ಮತ್ತು ಬಿಳಿ, ಎರಡೂ ಒತ್ತಾದ ದಳಗಳಿರುವ ದೊಡ್ಡ ಹೂವಿನ ತಳಿಗಳು. ಜೂನ್ ತಿಂಗಳಲ್ಲಿ ಸಸಿ ನೆಟ್ಟು, ಜುಲೈ ಮಧ್ಯದಲ್ಲಿ ಕೊನೆಯ ಬಾರಿ ಕುಡಿ ಚಿವುಟಿದ್ದೆ. ಆಯುಧಪೂಜೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಮೊಳದ ಬೆಲೆ ಕೇಳುವ ಕಷ್ಟವಿಲ್ಲದೆ ಮನೆಯ ಹೂವೇ ಸಾಕಾಗಬೇಕು ಎಂಬುದು ನನ್ನ ಲೆಕ್ಕವಾಗಿತ್ತು.

ಗಿಡಗಳು ಸೊಂಪಾಗಿಯೇ ಬಂದವು. ಆದರೆ ಉತ್ತರೆ ಮಳೆ ಹಿಡಿದ ಮೇಲೆ, ಹೂವು ಮುಕ್ಕಾಲು ಅರಳುವಷ್ಟರಲ್ಲಿ ನಡುವಿನ ದಳಗಳು ಬೆಂದ ಈರುಳ್ಳಿಯಂತೆ ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಲು ಆರಂಭವಾಯಿತು. ಹೊರಗಿನಿಂದ ನೋಡಿದರೆ ಹೂವು ಚೆನ್ನಾಗಿಯೇ ಕಾಣುತ್ತದೆ, ಬಿಡಿಸಿ ನೋಡಿದರೆ ಒಳಗೆ ಬೂದುಬಣ್ಣದ ನವಿರಾದ ಬೂಷ್ಟು ಇರುತ್ತದೆ. ಈಗ ಹಸ್ತ ಮಳೆ ನಡೆಯುತ್ತಿದ್ದು, ಮೂರರಲ್ಲಿ ಒಂದು ಹೂವನ್ನು ಕಿತ್ತು ಎಸೆಯುತ್ತಿದ್ದೇನೆ. ಕೆಲವು ಗಿಡಗಳಲ್ಲಿ ರೋಗವು ತೊಟ್ಟಿನವರೆಗೂ ಇಳಿದಿದೆ.

ಇದುವರೆಗೆ ಮಾಡಿದ್ದನ್ನೂ ಹೇಳುತ್ತೇನೆ. ವಾರಕ್ಕೆರಡು ಸಲ ಸಂಜೆಯ ಹೊತ್ತು ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಸಿಂಪಡಿಸಿದೆ. ಪರಿಣಾಮ ಕಾಣದೆ, ಅಂಗಡಿಯವರು ಕೊಟ್ಟ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ಮೂರು ಬಾರಿ ಬಳಸಿದೆ. ಮಳೆ ಜೋರಾದಾಗ ನೀಲಿ ಟಾರ್ಪಾಲನ್ನು ಗಿಡಗಳ ಮೇಲೆ ಹೊದಿಸಿ ಇಟ್ಟಿಗೆ ಇಡುತ್ತೇನೆ. ಗೊಬ್ಬರವಾಗಿ ಹತ್ತು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಕೊಡುತ್ತಿದ್ದೇನೆ. ಇನ್ನೂ ಬಲವಾದ ಔಷಧಿ ಯಾವುದಾದರೂ ಇದೆಯೇ, ಅಥವಾ ಬೆಂಗಳೂರಿನ ಮಳೆಯಲ್ಲಿ ಸೇವಂತಿಗೆಯ ಆಸೆಯನ್ನೇ ಬಿಡಬೇಕೇ?

ಉತ್ತರ 1 (ಹೆಬ್ಬಾಳದಿಂದ)

ನಮಸ್ಕಾರ ಮೇಡಂ. ತೋಟಗಾರಿಕೆಯ ಕೆಲಸದಲ್ಲೇ ಬದುಕು ಕಳೆದು ನಿವೃತ್ತನಾಗಿರುವವನು ನಾನು. ನಿಮ್ಮ ವಿವರಣೆಯನ್ನು ಓದಿದರೆ ಇದು ಬೂದು ಬೂಷ್ಟು ರೋಗ, ಅಂದರೆ ಬೊಟ್ರೈಟಿಸ್ ಸಿನೆರಿಯಾ ಎಂಬ ಶಿಲೀಂಧ್ರದ ಕೆಲಸ ಎಂದು ತೋರುತ್ತದೆ. ಖಚಿತಪಡಿಸಿಕೊಳ್ಳಬೇಕೆಂದರೆ, ಅನುಮಾನವಿರುವ ಒಂದು ಹೂವನ್ನು ಒದ್ದೆ ಹತ್ತಿಯ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಎರಡು ದಿನ ಅಡುಗೆಮನೆಯ ಮೂಲೆಯಲ್ಲಿ ಬಿಡಿ. ಬೂದುಬಣ್ಣದ ತುಪ್ಪಳದಂಥ ಬೆಳವಣಿಗೆ ಕಂಡು, ಮುಚ್ಚಳ ತೆಗೆದಾಗ ಹೊಗೆಯಂತೆ ಧೂಳು ಎದ್ದರೆ ಅನುಮಾನವೇ ಬೇಡ. ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಾಣುವುದು ಬೇರೆ ರೋಗ. ಅದಕ್ಕೆ ಎಲೆ ಒದ್ದೆಯಾಗಿರಬೇಕೆಂಬ ನಿಯಮವೂ ಇಲ್ಲ.

ಈ ಶಿಲೀಂಧ್ರಕ್ಕೆ ಇಷ್ಟವಾದ ಹವೆ 15ರಿಂದ 25 ಡಿಗ್ರಿಯ ತಂಪು, ಜೊತೆಗೆ ದಳದ ಮೇಲೆ ಆರೆಂಟು ಗಂಟೆ ಸತತವಾಗಿ ನಿಲ್ಲುವ ತೇವ. ಸೆಪ್ಟೆಂಬರ್‌ನಲ್ಲಿ ನಮ್ಮೂರಿನಲ್ಲಿ ಸರಾಸರಿ 200 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ, ಅಕ್ಟೋಬರ್ ಕೂಡ ಅದಕ್ಕೆ ಹೆಚ್ಚು ಹಿಂದುಳಿಯುವುದಿಲ್ಲ, ರಾತ್ರಿಯ ಉಷ್ಣತೆ 20 ಡಿಗ್ರಿಯ ಸುತ್ತ ಇರುತ್ತದೆ. ಮನುಷ್ಯರಿಗೆ ಹಿತವಾದ ಬೆಂಗಳೂರಿನ ಈ ಹವೆ ಬೂಷ್ಟಿಗೂ ಅಷ್ಟೇ ಹಿತ. ಒತ್ತಾದ ದಳಗಳ ದೊಡ್ಡ ಹೂವಿನ ಒಳಗೆ ಇಳಿದ ನೀರು ಬೇಗ ಆರುವುದಿಲ್ಲ. ಆದ್ದರಿಂದಲೇ ಕೊಳೆ ನಡುವಿನಿಂದ ಶುರುವಾಗುತ್ತದೆ ಮತ್ತು ನಿಮ್ಮ ಕಣ್ಣಿಗೆ ತಡವಾಗಿ ಬೀಳುತ್ತದೆ.

ಹಾಗಾಗಿ ಯಾವ ಔಷಧಿ ಎಂದು ಕೇಳುವುದಕ್ಕೆ ಮೊದಲು, ನಿಮ್ಮ ಹೂವು ದಿನಕ್ಕೆ ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂದು ಲೆಕ್ಕ ಹಾಕಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಟಿಶ್ಯೂ ಕಾಗದವನ್ನು ಹೂವಿನ ನಡುವೆ ಮೆಲ್ಲಗೆ ಒತ್ತಿ ನೋಡಿ. ಕಾಗದ ನೆನೆದರೆ, ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆಗಿಂತ ಹೆಚ್ಚು ಕಾಲ ಆ ಹೂವು ತೇವದಲ್ಲೇ ಇತ್ತೆಂದು ಅರ್ಥ. ಆ ಅವಧಿಯನ್ನು ಕಡಿಮೆ ಮಾಡದೆ ಎಷ್ಟು ಸಿಂಪಡಿಸಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಈ ದೃಷ್ಟಿಯಿಂದ ನೋಡಿದರೆ, ಬೇಸರ ಪಟ್ಟುಕೊಳ್ಳಬೇಡಿ, ನೀವು ಮಾಡಿದ ಉಪಚಾರಗಳಲ್ಲಿ ಎರಡು ರೋಗಕ್ಕೇ ಸಹಾಯ ಮಾಡಿವೆ. ಸಂಜೆ ಸಿಂಪಡಿಸಿದ ಬೇವಿನ ಎಣ್ಣೆಯ ನೀರು ಇಡೀ ರಾತ್ರಿ ಗಿಡವನ್ನು ಒದ್ದೆಯಾಗಿಟ್ಟಿತು. ಬೇವಿನ ಎಣ್ಣೆ ಮುಖ್ಯವಾಗಿ ಕೀಟಗಳಿಗೆ, ಈ ಬೂಷ್ಟಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಗಿಡಕ್ಕೆ ತಾಗುವಂತೆ ಹೊದಿಸಿದ ಟಾರ್ಪಾಲ್ ಇನ್ನೂ ಅಪಾಯಕಾರಿ, ಏಕೆಂದರೆ ಮಣ್ಣು ಮತ್ತು ಎಲೆಗಳಿಂದ ಎದ್ದ ಆವಿ ಅದರಡಿಯಲ್ಲೇ ಸಿಕ್ಕಿಕೊಂಡು, ಬೆಳಗಿನ ಜಾವದ ತಂಪಿಗೆ ಹನಿಗಟ್ಟಿ, ಮಳೆ ಬಾರದ ದಿನವೂ ಹೂವಿನ ಮೇಲೆ ತೊಟ್ಟಿಕ್ಕುತ್ತದೆ.

ಕಾರ್ಬೆಂಡಜಿಮ್ ಬಗ್ಗೆಯೂ ಒಂದು ಮಾತು. ಈ ಗುಂಪಿನ ಔಷಧಿಗಳಿಗೆ ಬೊಟ್ರೈಟಿಸ್ ಪ್ರತಿರೋಧ ಬೆಳೆಸಿಕೊಳ್ಳುವುದು 1970ರ ದಶಕದಿಂದಲೇ ಹಲವು ದೇಶಗಳಲ್ಲಿ ಕಂಡುಬಂದಿರುವ ವಿಷಯ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ, ಅದಕ್ಕೆ ಬಗ್ಗದ ಬೂಷ್ಟನ್ನು ನಾವೇ ಆರಿಸಿ ಬೆಳೆಸಿದಂತಾಗುತ್ತದೆ. ನಾಲ್ಕನೆಯ ಬಾರಿ ಅದನ್ನು ಬಳಸಬೇಡಿ.

ಕಡಲೆಕಾಯಿ ಹಿಂಡಿಯ ನೀರನ್ನು ಮೊಗ್ಗು ಕಾಣಿಸಿಕೊಂಡ ಕೂಡಲೇ ನಿಲ್ಲಿಸಬೇಕಿತ್ತು. ಸಾರಜನಕ ಹೆಚ್ಚಾದಷ್ಟೂ ಎಲೆ ದಟ್ಟವಾಗುತ್ತದೆ, ಅಂಗಾಂಶ ಮೆದುವಾಗುತ್ತದೆ, ಗಾಳಿಗೆ ದಾರಿ ಮುಚ್ಚುತ್ತದೆ. ಕುಂಡಗಳನ್ನು ಎಷ್ಟು ದೂರದಲ್ಲಿಟ್ಟಿದ್ದೀರಿ? ಸತ್ತ ಎಲೆ, ಉದುರಿದ ದಳ ಏನಾಗುತ್ತಿವೆ? ಇವೆರಡನ್ನು ತಿಳಿಸಿ.

ಉತ್ತರ 2 (ವಿಜಯನಗರದಿಂದ)

ನಮ್ಮ ಊರು ತೀರ್ಥಹಳ್ಳಿ ಕಡೆ, ಈಗ ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಟಾರ್ಪಾಲಿನ ವಿಷಯ ಓದಿದಾಗ ಅಡಿಕೆ ಗೊನೆಗೆ ಮಳೆಯ ಹೊದಿಕೆಯಾಗಿ ಕಟ್ಟುವ ಕೊಟ್ಟೆ ನೆನಪಾಯಿತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಕೊಟ್ಟೆಯೂ ಬಂದಿದೆ. ಗೊನೆಯ ಮೇಲೆ ನೀರು ಬೀಳಬಾರದು, ಆದರೆ ಕೆಳಗಡೆ ಬಾಯಿ ತೆರೆದೇ ಇರಬೇಕು. ಅಡಿಯನ್ನೂ ಬಿಗಿದು ಕಟ್ಟಿದರೆ ಒಳಗೇ ಬೆವತು ಕಾಯಿ ಹಾಳಾಗುತ್ತದೆ ಎನ್ನುವುದು ಅಡಿಕೆ ಮರ ಹತ್ತುವ ಕೊನೆಗೌಡನಿಗೂ ಗೊತ್ತಿದ್ದ ಸಂಗತಿ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದವರು. ಮುಂದೆ ಬೋರ್ಡೋ ದ್ರಾವಣ ಮಲೆನಾಡಿನ ಮನೆಮಾತಾಯಿತು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನೇ ಸೇವಂತಿಗೆಗೂ ಹೊಡೆಯೋಣ ಎಂದು ಒಂದು ವರ್ಷ ನಾನು ಮೂರ್ಖತನ ಮಾಡಿದ್ದೇನೆ. ಹೂವಿನ ಮೇಲೆಲ್ಲ ನೀಲಿ ಮಿಶ್ರಿತ ಬಿಳಿ ಕಲೆ ಉಳಿದು, ದಳದ ಅಂಚು ಸುಟ್ಟು, ದೇವರಿಗೂ ಬಾರದೆ ಮುಡಿಗೂ ಬಾರದೆ ಹೋಯಿತು. ಅಡಿಕೆಯ ಕೊಳೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವುದು, ಇದು ಬೇರೆಯೇ ಜೀವಿ. ಹೆಸರಿನಲ್ಲಿ ಎರಡೂ ಕೊಳೆಯೇ ಆದರೂ ಔಷಧಿ ಒಂದೇ ಆಗಬೇಕಿಲ್ಲ.

ಕೊಟ್ಟೆಯ ತತ್ವವನ್ನು ಮಾತ್ರ ನಾನು ಉಳಿಸಿಕೊಂಡೆ. ತಾರಸಿಯಲ್ಲಿ ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿ, ಬಿಸಿಲಿಗೆ ಬಾಳಿಕೆ ಬರುವ 200 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಏಳು ಅಡಿ ಎತ್ತರದಲ್ಲಿ ಒಂದು ಕಡೆಗೆ ಇಳಿಜಾರಾಗಿ ಕಟ್ಟಿದ್ದೇನೆ. ನಾಲ್ಕೂ ಬದಿ ತೆರೆದಿವೆ. ಎರಚಲು ಸ್ವಲ್ಪ ಬರುತ್ತದೆ, ಬರಲಿ, ಅದು ಗಾಳಿಗೆ ಆರುತ್ತದೆ. ಹಸಿರು ನೆರಳು ಪರದೆಯನ್ನು ಮಾತ್ರ ಕಟ್ಟಬೇಡಿ. ಅದು ಮಳೆಯನ್ನು ತಡೆಯುವುದಿಲ್ಲ, ಬಿಸಿಲನ್ನು ತಡೆಯುತ್ತದೆ, ಮಳೆ ನಿಂತ ಮೇಲೂ ಒಂದು ಗಂಟೆ ತೊಟ್ಟಿಕ್ಕುತ್ತಿರುತ್ತದೆ.

ಕುಂಡ ಎಲ್ಲಿಡಬೇಕು ಎಂಬುದಕ್ಕೆ ನಮ್ಮ ತಾಯಿ ಹೇಳಿಕೊಟ್ಟ ಉಪಾಯವೊಂದಿದೆ. ಮಳೆಗಾಲದಲ್ಲಿ ತಾರಸಿಯ ಯಾವ ತಂತಿಯ ಮೇಲೆ ಬಟ್ಟೆ ಮೊದಲು ಒಣಗುತ್ತದೆಯೋ ಅದರ ಕೆಳಗೆ ಹೂವಿನ ಗಿಡ ಇಡಬೇಕು. ನಾವು ಸಾಮಾನ್ಯವಾಗಿ ಕುಂಡಗಳನ್ನು ಮೋಟುಗೋಡೆಗೆ ಒತ್ತಿ ಸಾಲಾಗಿ ಜೋಡಿಸುತ್ತೇವೆ, ಮೂರಡಿ ಎತ್ತರದ ಆ ಗೋಡೆಯ ಮರೆಯಲ್ಲಿ ಗಾಳಿ ಸತ್ತಿರುತ್ತದೆ. ಅಕ್ಟೋಬರ್‌ನಲ್ಲಿ ಗಾಳಿಯ ದಿಕ್ಕು ನೈಋತ್ಯದಿಂದ ಈಶಾನ್ಯಕ್ಕೆ ತಿರುಗುವುದರಿಂದ, ಜುಲೈನಲ್ಲಿ ಗಾಳಿಯಾಡುತ್ತಿದ್ದ ಜಾಗ ಈಗ ಮರೆಯಾಗಿರಬಹುದು. ಇದನ್ನೂ ಒಮ್ಮೆ ನೋಡಿ.

ಉತ್ತರ 3 (ಯಲಹಂಕದಿಂದ)

ದಳದ ಮೇಲೆ ಒಣ ಗೀರುಗಳಂತೆ ಕಂದು ಕಲೆಗಳೂ ಇದ್ದರೆ ಥ್ರಿಪ್ಸ್ ನುಸಿಯನ್ನೂ ಪರೀಕ್ಷಿಸಬೇಕು. ಬಿಳಿ ಕಾಗದದ ಮೇಲೆ ಹೂವನ್ನು ತಟ್ಟಿದರೆ ಸಣ್ಣ ಗೆರೆಗಳಂಥ ಹುಳುಗಳು ಹರಿದಾಡುವುದು ಕಾಣುತ್ತದೆ. ಅವು ಕೆರೆದ ಗಾಯದ ಮೂಲಕ ಬೂಷ್ಟು ಸುಲಭವಾಗಿ ಒಳಹೋಗುತ್ತದೆ. ಸಂಜೆ ಬೇಡವೆಂದರೂ, ಬಿಸಿಲಿರುವ ದಿನ ಬೆಳಿಗ್ಗೆ ಮೊಗ್ಗಿನ ಹಂತದಲ್ಲಿ ಬೇವಿನ ಎಣ್ಣೆಗೆ ಅಷ್ಟರಮಟ್ಟಿಗೆ ಕೆಲಸವಿದೆ ಎಂಬುದು ನನ್ನ ಅಭಿಪ್ರಾಯ. ಅಡುಗೆ ಸೋಡಾ ಸಿಂಪಡಿಸಿ ಎಂದು ಯಾರಾದರೂ ಹೇಳಿದರೆ, ಅದು ಬಿಳಿ ಪುಡಿಯಂಥ ಬೂದಿರೋಗಕ್ಕೆ ಹೇಳುವ ಮನೆಮದ್ದು, ನಿಮ್ಮ ಸಮಸ್ಯೆಗೆ ಅದರಿಂದ ಪ್ರಯೋಜನ ಕಡಿಮೆ.

ಪ್ರಶ್ನೆ ಕೇಳಿದವರು (ಬನಶಂಕರಿಯಿಂದ)

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹತ್ತಕ್ಕೆ ಟಿಶ್ಯೂ ಪರೀಕ್ಷೆ ಮಾಡಿದೆ. ಐದು ಹೂಗಳಲ್ಲಿ ಐದೂ ಒದ್ದೆ, ಮಧ್ಯಾಹ್ನ ಒಂದಕ್ಕೂ ಮೂರು ಒದ್ದೆಯಾಗಿಯೇ ಇದ್ದವು. ನಿನ್ನೆ ಮಳೆಯೇ ಬಂದಿರಲಿಲ್ಲ, ಟಾರ್ಪಾಲ್ ಮಾತ್ರ ಹೊದಿಸಿದ್ದೆ. ಕುಂಡಗಳು ಒಂದಕ್ಕೊಂದು ಅಂಟಿಕೊಂಡೇ ಇವೆ, ಅದೂ ಮೋಟುಗೋಡೆಯ ಮೂಲೆಯಲ್ಲಿ. ಬಿಳಿ ಕಾಗದದ ಮೇಲೆ ಹುಳುಗಳೇನೂ ಕಾಣಲಿಲ್ಲ.

ಸರ್ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಉದುರಿದ ದಳಗಳನ್ನು ತೆಗೆಯುತ್ತಿರಲಿಲ್ಲ, ಗೊಬ್ಬರವಾಗುತ್ತದೆ ಎಂದು ಕುಂಡದಲ್ಲೇ ಬಿಟ್ಟಿದ್ದೆ. ಅದರ ಮೇಲೆ ದಿನವೂ ದೇವರ ಮನೆಯ ನಿರ್ಮಾಲ್ಯವನ್ನೂ ಇದೇ ಕುಂಡಗಳಿಗೆ ಹಾಕುತ್ತೇನೆ. ನಿರ್ಮಾಲ್ಯವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಗಿಡದ ಬುಡಕ್ಕೆ ಹಾಕುವುದೇ ಸರಿ ಎಂದು ಅತ್ತೆಯವರ ಕಾಲದಿಂದ ನಡೆದುಬಂದಿದೆ. ಅದರಿಂದಲೂ ತೊಂದರೆಯೇ?

ಉತ್ತರ 4 (ಹೆಬ್ಬಾಳದಿಂದ)

ಮೇಡಂ, ನಿಮ್ಮ ತಾರಸಿಯ ಬೂಷ್ಟಿನ ತವರುಮನೆ ಅದೇ. ಬೊಟ್ರೈಟಿಸ್ ಜೀವಂತ ಗಿಡಕ್ಕಿಂತ ಮೊದಲು ಸತ್ತ ಮತ್ತು ಬಾಡಿದ ಅಂಗಾಂಶವನ್ನು ಹಿಡಿಯುತ್ತದೆ. ಅಲ್ಲಿ ಹೊಟ್ಟೆ ತುಂಬಿಸಿಕೊಂಡು, ಲಕ್ಷಾಂತರ ಬೀಜಕಣಗಳನ್ನು ಗಾಳಿಗೆ ಬಿಟ್ಟು, ಆಮೇಲೆ ಹೊಸ ಹೂವಿನ ಮೇಲೆ ಇಳಿಯುತ್ತದೆ. ಮಾರುಕಟ್ಟೆಯಿಂದ ತಂದ ಹೂವು ಹಾರವಾಗಿ, ನೀರು ಚಿಮುಕಿಸಿಕೊಂಡು, ಒಂದು ದಿನ ಬಾಡಿ, ಒದ್ದೆಯಾಗಿ ಕುಂಡದ ಮೇಲೆ ಬಿದ್ದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಬೂಷ್ಟಿಗೆ ಬೇಕಿಲ್ಲ. ಆ ಹೂವಿನ ಜೊತೆಗೇ ರೋಗವು ಬಂದಿರುವ ಸಾಧ್ಯತೆಯೂ ಇದೆ.

ಸಂಪ್ರದಾಯ ಬಿಡಬೇಕೆಂದು ನಾನು ಹೇಳುವುದಿಲ್ಲ. ನಿರ್ಮಾಲ್ಯಕ್ಕೆ ಮುಚ್ಚಳವಿರುವ ಪ್ರತ್ಯೇಕ ಗೊಬ್ಬರದ ಡಬ್ಬಿ ಇಟ್ಟು, ಅದರ ಮೇಲೆ ಪ್ರತಿದಿನ ಒಂದು ಹಿಡಿ ಒಣ ಕೋಕೊಪೀಟ್ ಅಥವಾ ಹಳೆಯ ಗೊಬ್ಬರ ಹರಡಿ, ಪೂರ್ತಿ ಮಣ್ಣಾದ ಮೇಲೆ ಮುಂದಿನ ಬೇಸಿಗೆಯಲ್ಲಿ ಗಿಡದ ಬುಡಕ್ಕೇ ಕೊಡಿ. ಕೊಳೆತ ಸೇವಂತಿಗೆಯನ್ನು ಮಾತ್ರ ಅದಕ್ಕೆ ಸೇರಿಸದೆ ಕಟ್ಟಿ ಹಸಿ ಕಸಕ್ಕೆ ಕೊಟ್ಟುಬಿಡಿ.

ಈಗ ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ. ಮಳೆ ಬಿಟ್ಟು ಗಿಡ ಒಣಗಿರುವ ಮಧ್ಯಾಹ್ನವೊಂದನ್ನು ಆರಿಸಿಕೊಂಡು, ಕೆಟ್ಟ ಹೂವಿನ ಮೇಲೆ ಮೊದಲು ಸಣ್ಣ ಚೀಲ ಮುಚ್ಚಿ, ಆನಂತರ ಕೊಳೆತ ಜಾಗಕ್ಕಿಂತ ಎರಡು ಅಂಗುಲ ಕೆಳಗೆ ಕತ್ತರಿಸಿ. ಚೀಲ ಮುಚ್ಚದೆ ಕಿತ್ತರೆ ಧೂಳು ಪಕ್ಕದ ಹೂವುಗಳ ಮೇಲೆ ಹಾರುತ್ತದೆ. ಕತ್ತರಿಯನ್ನು ಪ್ರತಿ ಗಿಡದ ನಂತರ ಸ್ಪಿರಿಟ್‌ನಿಂದ ಒರೆಸಿ. ಕುಂಡದ ಮೇಲ್ಮೈಯ ದಳ, ಎಲೆ, ನಿರ್ಮಾಲ್ಯಗಳನ್ನೆಲ್ಲ ತೆಗೆದು ಒಂದು ಅಂಗುಲ ಹೊಸ ಮಣ್ಣು ಹಾಕಿ. ಪ್ರತಿ ಗಿಡದ ಕೆಳಗಿನ ಅರ್ಧ ಅಡಿಯ ಎಲೆಗಳನ್ನು ಬಿಡಿಸಿಬಿಡಿ, ಅವು ಹೇಗೂ ಬೆಳಕು ಕಾಣುವುದಿಲ್ಲ, ಮಣ್ಣಿನಿಂದ ಸಿಡಿಯುವ ನೀರಿಗೆ ಕಪ್ಪು ಚುಕ್ಕೆ ರೋಗವೂ ಅಲ್ಲಿಂದಲೇ ಏರುತ್ತದೆ. ಒಂದು ಗಿಡದ ಎಲೆ ಇನ್ನೊಂದಕ್ಕೆ ತಾಗದಷ್ಟು ಅಂತರ ಕೊಡಿ. ಅಷ್ಟು ಜಾಗವಿಲ್ಲದಿದ್ದರೆ ಗಿಡಗಳ ಸಂಖ್ಯೆ ಕಡಿಮೆಯಾಗಲಿ. ಇಪ್ಪತ್ತೆರಡು ಕುಂಡಗಳ ಕೊಳೆತ ಹೂವಿಗಿಂತ ಹನ್ನೆರಡು ಕುಂಡಗಳ ಒಳ್ಳೆಯ ಹೂವು ಹೆಚ್ಚೇ ಆಗುತ್ತದೆ. ನೀರನ್ನು ಬೆಳಿಗ್ಗೆಯೇ, ಬುಡಕ್ಕೆ ಮಾತ್ರ, ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದರೆ ಮಾತ್ರ ಕೊಡಿ. ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದು ಇಟ್ಟಿಗೆಯ ಮೇಲಿಡಿ, ಇಲ್ಲವಾದರೆ ಮೇಲೆ ಗೆದ್ದರೂ ಬೇರು ಕೊಳೆಯುತ್ತದೆ.

ಹೊದಿಕೆಯ ಬಗ್ಗೆ ವಿಜಯನಗರದವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಪೈಪಿನ ಬುಡವನ್ನು ಭದ್ರಪಡಿಸಲು ತಾರಸಿಯ ಗಾರೆಯಲ್ಲಿ ರಂಧ್ರ ಕೊರೆಯಬೇಡಿ ಎಂಬುದೊಂದನ್ನು ಸೇರಿಸುತ್ತೇನೆ. ಹಳೆಯ ಡಬ್ಬಗಳಲ್ಲಿ ಕಾಂಕ್ರೀಟು ತುಂಬಿ ಪೈಪು ನಿಲ್ಲಿಸಿದರೆ ಸಾಕು. ಸೋರುವ ತಾರಸಿ ಬೂಷ್ಟಿಗಿಂತ ದುಬಾರಿ.

ಮುಂದಿನ ವರ್ಷಕ್ಕೆ ಇನ್ನೊಂದು ಆಲೋಚನೆ. ಕೊನೆಯ ಚಿವುಟಿನಿಂದ ಹೂವು ಅರಳಲು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ನೀವು ಜುಲೈ ಮಧ್ಯದಲ್ಲಿ ಚಿವುಟಿದ್ದರಿಂದ ಹೂವು ಅತಿ ಹೆಚ್ಚು ಮಳೆಯ ವಾರಗಳಿಗೇ ಸಿಕ್ಕಿಕೊಂಡಿತು. ಅರ್ಧ ಗಿಡಗಳನ್ನು ಆಗಸ್ಟ್ ಕೊನೆಯಲ್ಲಿ ಚಿವುಟಿದರೆ, ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ ಹೂವು ಬರುತ್ತದೆ. ಬೆಳಗಿನ ಇಬ್ಬನಿ ಆಗಲೂ ಇರುತ್ತದೆ, ಆದರೆ ಒಂಬತ್ತರ ಬಿಸಿಲಿಗೆ ಆರಿಬಿಡುತ್ತದೆ. ಆ ಗಿಡಗಳ ಮೇಲೆ ರಾತ್ರಿ ಬೀದಿದೀಪದ ಬೆಳಕು ಬೀಳದಂತೆ ನೋಡಿಕೊಳ್ಳಿ, ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ ಇದು. ಹಬ್ಬಕ್ಕೇ ಬೇಕೆನ್ನುವ ಉಳಿದರ್ಧಕ್ಕೆ ದೊಡ್ಡ ಹೂವಿನ ಬದಲು ಚಿಕ್ಕ ಗುಂಡಿ ಸೇವಂತಿಗೆ ಹಾಕಿ, ಅದರೊಳಗೆ ನಿಲ್ಲುವ ನೀರೂ ಚಿಕ್ಕದು.

ಪ್ರಶ್ನೆ ಕೇಳಿದವರು (ಬನಶಂಕರಿಯಿಂದ)

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಟಾರ್ಪಾಲ್ ತೆಗೆದು ಪಾರದರ್ಶಕ ಹಾಳೆ ಕಟ್ಟಿಸಿದೆ, ಎಂಟು ಕುಂಡಗಳನ್ನು ನೆರೆಮನೆಯವರಿಗೆ ಕೊಟ್ಟೆ, ಉಳಿದ ಹದಿನಾಲ್ಕನ್ನು ಬಟ್ಟೆ ತಂತಿಯ ಕೆಳಗೆ ತಂದೆ. ಯಾವ ಔಷಧಿಯನ್ನೂ ಹೊಡೆದಿಲ್ಲ. ಚಿತ್ತೆ ಮಳೆ ಮೂರು ರಾತ್ರಿ ಚೆನ್ನಾಗಿಯೇ ಸುರಿಯಿತು. ಹತ್ತು ಗಂಟೆಯ ಟಿಶ್ಯೂ ಈಗ ಹೆಚ್ಚಿನ ದಿನಗಳಲ್ಲಿ ಒಣಗಿಯೇ ಬರುತ್ತದೆ. ಈ ವಾರ ಅರಳಿದ ಮೂವತ್ತೊಂದು ಹೂಗಳಲ್ಲಿ ನಾಲ್ಕನ್ನು ಕತ್ತರಿಸಿ ತೆಗೆಯಬೇಕಾಯಿತು, ಆ ನಾಲ್ಕೂ ಬಿಳಿ ತಳಿಯವೇ. ಆಯುಧಪೂಜೆಗೆ ಮಾರುಕಟ್ಟೆಯ ಹೂವೇ ಆಯಿತು, ದೀಪಾವಳಿಗೆ ಮನೆಯದ್ದು ಸಿಗಬಹುದು. ಬಟ್ಟೆ ಒಣಗಿಸಲು ಈಗ ಜಾಗವಿಲ್ಲ ಎಂಬ ದೂರು ಮನೆಯಲ್ಲಿ ಶುರುವಾಗಿದೆ.