ತೋಟದ ಕೆರೆ ಏರಿ: ಗಟ್ಟಿಯಾಗಿದ್ದರೂ ‘ಹೆಚ್ಚು ಅಪಾಯ’ ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಕಾಫಿ ತೋಟ ಮೂಡಿಗೆರೆ ಕಡೆ. ಅಜ್ಜ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿ ಕಟ್ಟಿದ ಕೆರೆ ಇದೆ. ಏರಿ 24 ಅಡಿ ಎತ್ತರ, ನೀರು ನಿಲ್ಲುವ ಜಾಗ ಸುಮಾರು 3 ಎಕರೆ. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದು ಇದೇ ನೀರಿನಿಂದ. ‘ಅಣೆಕಟ್ಟು ಸುರಕ್ಷತಾ ಕಾಯ್ದೆ ನಿಮಗೂ ಬರುತ್ತದೆ, ನಿಮ್ಮದು ಹೆಚ್ಚು ಅಪಾಯದ ದರ್ಜೆ’ ಅಂತ ಪಕ್ಕದ ತೋಟದವರು ಹೇಳಿದರು. ಏರಿ ಒಮ್ಮೆಯೂ ಒಡೆದಿಲ್ಲ. ಕೆಳಗೆ 300 ಮೀಟರ್ ದೂರದಲ್ಲಿ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳಿವೆ, ಆರು ಸಂಸಾರ. ಅವರು ಹೇಳಿದ್ದು ನಿಜವಾ?

ಉತ್ತರ (ಸಿವಿಲ್ ಎಂಜಿನಿಯರ್): ಕಾಯ್ದೆ ವಿಷಯ ಮೊದಲು ಮುಗಿಸೋಣ. 2021ರ ಕಾಯ್ದೆ 15 ಮೀಟರ್ ಮೀರಿದ ಕಟ್ಟೆಗಳಿಗೆ. 10ರಿಂದ 15 ಮೀಟರ್ ಒಳಗಿದ್ದರೆ, ಉದ್ದ 500 ಮೀಟರ್ ಅಥವಾ ನೀರು 10 ಲಕ್ಷ ಘನ ಮೀಟರ್ ಇರಬೇಕು ಎಂಬಂಥ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. ನಿಮ್ಮದು ಏಳು ಚಿಲ್ಲರೆ ಮೀಟರ್. ಕಾಯ್ದೆಗೆ ಬರುವುದಿಲ್ಲ.

ಆದರೆ ಅವರ ಎರಡನೇ ಮಾತು ಸರಿ. ಅಪಾಯದ ದರ್ಜೆ ನೋಡುವುದು ಏರಿ ಎಷ್ಟು ಗಟ್ಟಿ ಅಂತಲ್ಲ, ಒಡೆದರೆ ಕೆಳಗೆ ಯಾರಿದ್ದಾರೆ ಅಂತ. ಒಂದು ಜೀವ ಹೋಗುವ ಸಂಭವ ಇದ್ದರೂ ಅಮೆರಿಕದಲ್ಲಿ ಅದನ್ನು ಮೇಲಿನ ದರ್ಜೆಗೇ ಹಾಕುತ್ತಾರೆ, ಏರಿ ಎಷ್ಟೇ ಚೆನ್ನಾಗಿರಲಿ. ಅಲ್ಲಿನ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಂತ ಒಂದು ಕಟ್ಟೆ ಇತ್ತು. 38 ಅಡಿ ಮಣ್ಣಿನ ಏರಿ, ಒಂದು ಖಾಸಗಿ ಕಾಲೇಜಿನದು. 1977ರ ನವೆಂಬರ್ 6ರಂದು, ಜೋರು ಮಳೆ ಹೊಡೆದ ಮೇಲೆ, ರಾತ್ರಿ ಒಂದೂವರೆಗೆ ಒಡೆಯಿತು. 39 ಜನ ಹೋದರು. ನಿಮ್ಮ ಕೆರೆಯಲ್ಲೂ ಎರಡು ಕೋಟಿ ಲೀಟರ್ ಮೇಲೆ ನೀರಿದೆ. ಅಜ್ಜ ಕಟ್ಟಿಸಿದಾಗ ಲೈನ್ ಮನೆ ಇತ್ತಾ? ಕೋಡಿ ಹೇಗಿದೆ? ಏರಿ ಬುಡದಲ್ಲಿ ಒಸರು ಇದೆಯಾ?

ಪ್ರಶ್ನೆ ಕೇಳಿದವರು: ಮನೆಗಳನ್ನು ಅಪ್ಪ ಆಮೇಲೆ ಕಟ್ಟಿಸಿದ್ದು. ಬೇಸಿಗೆಗೆ ನೀರು ಜಾಸ್ತಿ ಸಿಗಲಿ ಅಂತ ಕೋಡಿಗೆ ಎರಡು ಸಾಲು ಮರಳು ಚೀಲ ಇಟ್ಟಿದ್ದೇವೆ. ಮೀನು ಹೋಗದ ಹಾಗೆ ಬಲೆಯೂ ಇದೆ. ಬುಡದಲ್ಲಿ ಒಸರು ಮೊದಲಿಂದಲೂ ಇದೆ. ಏರಿ ಮೇಲೆ ನಾಲ್ಕು ಸಿಲ್ವರ್ ಮರ.

ಉತ್ತರ: ಹಾಗಾದರೆ ಮನೆ ಕಟ್ಟಿದ ದಿನವೇ ನಿಮ್ಮ ದರ್ಜೆ ಬದಲಾಗಿದೆ. ಚೀಲ, ಬಲೆ ಎರಡನ್ನೂ ಇವತ್ತೇ ತೆಗೆಸಿ. ಬಲೆಗೆ ಎಲೆ, ಕಡ್ಡಿ ತುಂಬಿದರೆ ಕೋಡಿ ಮುಚ್ಚಿದ ಹಾಗೆಯೇ. ನೀರು ಏರಿ ಮೇಲೆ ಹತ್ತಿ ಹರಿದರೆ ಮಣ್ಣು ತಾಳುವುದಿಲ್ಲ. ಮರ ಮಾತ್ರ ಸುಮ್ನೆ ಕಡಿಸಬೇಡಿ. ಬೇರು ಕೊಳೆತರೆ ಒಳಗೆ ನೀರಿಗೆ ದಾರಿ ಬೀಳುತ್ತದೆ. ನೀರು ಇಳಿಸಿ, ಬೇರು ತೆಗೆದ ಗುಂಡಿಗೆ ಮಣ್ಣು ತುಂಬಿ ದಮ್ಮಸು ಮಾಡಬೇಕು.

ಒಸರು ಇರುವುದೇ ತಪ್ಪಲ್ಲ. ಮಣ್ಣಿನ ಏರಿ ಸ್ವಲ್ಪ ಜಿನುಗುತ್ತದೆ. ತಿಳಿ ನೀರಾ, ಬಗ್ಗಡವಾ ಅನ್ನುವುದು ಮುಖ್ಯ. ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿ ಅಲುಗಾಡಿಸದೆ ಇಡಿ. ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಅಂತಲೂ ಬರೆದಿಡಿ.

ಪ್ರಶ್ನೆ ಕೇಳಿದವರು: ಸರ್, ಚೀಲ, ಬಲೆ ತೆಗೆಸಿದೆ. ಬಾಟಲಿ ತಳದಲ್ಲಿ ಬೆಳಿಗ್ಗೆ ಒಂದು ಬೆರಳು ಕೆಂಪು ಮಣ್ಣು ಕೂತಿದೆ. ಜೇಡಿಮಣ್ಣು ಮೆತ್ತಿಸಲಾ?

ಉತ್ತರ: ಬೇಡ, ದಯವಿಟ್ಟು ಮುಚ್ಚಬೇಡಿ! ಮುಚ್ಚಿದರೆ ನೀರು ಬೇರೆ ಕಡೆ ಕೊರೆಯುತ್ತದೆ. ಏರಿ ಒಳಗಿನ ಮಣ್ಣು ಹೊರಗೆ ಬರುತ್ತಿದೆ. ಒಸರಿನ ಮೇಲೆ ದಪ್ಪ ಮರಳು, ಅದರ ಮೇಲೆ ಜಲ್ಲಿ ಹಾಕಿಸಿ. ನೀರು ಬರಲಿ, ಮಣ್ಣು ನಿಲ್ಲಲಿ. ತೂಬು ತೆಗೆದು ನೀರು ಇಳಿಸಿ, ಒಮ್ಮೆಲೇ ಅಲ್ಲ. ಬೇಗ ಇಳಿಸಿದರೆ ಒಳಗಿನ ಇಳಿಜಾರು ಕುಸಿಯಬಹುದು. ಮಣ್ಣಿನ ಏರಿ ಕೆಲಸ ಗೊತ್ತಿರುವ ಎಂಜಿನಿಯರನ್ನು ಇವತ್ತೇ ಕರೆಸಿ. ಅವರು ನೋಡುವವರೆಗೆ ಲೈನಿನ ಆರೂ ಸಂಸಾರ ರಾತ್ರಿ ಮೇಲಿನ ಕಾಫಿ ಗೋದಾಮಿನಲ್ಲಿ ಮಲಗಲಿ. ಸಂಜೆ ನೀರಿನ ಮಟ್ಟ ಎಷ್ಟಿದೆ ಅಂತ ಇಲ್ಲಿ ತಿಳಿಸಿ, ಕಾಯುತ್ತಿರುತ್ತೇನೆ.