11 ಎಗ್‌ನಲ್ಲಿ ಉಳಿದದ್ದು ಒಂದೇ, ಮುಂದಿನ ಸಲ ಡಾಕ್ಟರ್ ಹತ್ರ ಎಂತ ಕೇಳ್ಬೇಕು?

ಕಾಪುವಿನಿಂದ:
ಮೊದಲ ಐವಿಎಫ್ (ಎಗ್ ಹೊರಗೆ ತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸುವುದು) ಆಯ್ತು. 11 ಎಗ್ ತೆಗೆದ್ರು, ಮೆಚ್ಯೂರ್ ಇದ್ದದ್ದು 6, ಫರ್ಟಿಲೈಸ್ ಆದದ್ದು 4, ಐದನೇ ದಿನಕ್ಕೆ ಉಳಿದದ್ದು 1. ಅದೂ ನಿಲ್ಲಲಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೆ. ಈ ದಾರಿಯಲ್ಲಿ ಹೋದವರು ಹೇಳಿ, ಪುನಃ ಶುರು ಮಾಡುವ ಮೊದಲು ಎಂತೆಲ್ಲ ಕೇಳ್ಬೇಕು?

ಕುಂದಾಪುರದಿಂದ:
ತಂಗಿ, ತೆಗೆದ ಎಗ್ ಎಲ್ಲ ಮಾಗಿಯೇ ಇರ್ತದೆ ಅಂತಿಲ್ಲ. ನನಗೆ 9ರಲ್ಲಿ 4 ಮಾತ್ರ. ಲ್ಯಾಬಿನವರು ಫೋಟೋ ತೋರಿಸಿದ್ರು, ಮಾಗಿದ ಎಗ್‌ನ ಅಂಚಿಗೆ ಸಣ್ಣ ಗುಳ್ಳೆಯೊಂದು ಅಂಟಿಕೊಂಡಿರ್ತದೆ. ಅರ್ಧ ಕ್ರೋಮೋಸೋಮ್ ಹೊರಗೆ ಹಾಕಿದ ಗುರುತು ಅದು. ಇಕ್ಸಿಗೆ, ಅಂದ್ರೆ ಎಗ್‌ನ ಒಳಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಬಿಡುವುದಕ್ಕೆ, ಅಂಥದ್ದನ್ನೇ ಆರಿಸ್ತಾರೆ, ಲ್ಯಾಬಿನ ಭಾಷೆಯಲ್ಲಿ ಎಂ2.

ಕೊನೆಯ ಹದಕ್ಕೆ ಬರುವುದು ಟ್ರಿಗರ್ ಇಂಜೆಕ್ಷನ್ ಕೊಟ್ಟ ನಂತರ. 34ರಿಂದ 36 ಗಂಟೆಗೆ ಎಗ್ ತೆಗೀತಾರೆ. ನನ್ನ ಇಂಜೆಕ್ಷನ್ ರಾತ್ರಿ ಒಂಬತ್ತೂವರೆಗೆ ಇತ್ತು. ಫ್ರಿಜ್ಜಿನ ಬಾಗಿಲಲ್ಲಿ, ಶಂಕರಪುರ ಮಲ್ಲಿಗೆಯ ಕಟ್ಟಿನ ಪಕ್ಕ ಇಟ್ಟಿದ್ದೆ. ಜೋರು ಮಳೆ, ಸೂಜಿ ಕೊಡ್ಲಿಕ್ಕೆ ನರ್ಸ್ ಬರುವಾಗ ಹನ್ನೊಂದೂಕಾಲು. ಹೆದರಿ ಡಾಕ್ಟರಿಗೆ ಹೇಳಲೇ ಇಲ್ಲ, ಅದು ನನ್ನ ತಪ್ಪು. ಹೇಳಿದ್ರೆ ತೆಗೆಯುವ ಹೊತ್ತನ್ನೂ ಮುಂದೆ ಹಾಕ್ತಿದ್ರು. ಅದೊಂದರಿಂದಲೇ ಹಾಗಾಯ್ತು ಅಂತ ಹೇಳಲಾರೆ. ಎರಡನೇ ಸಲ ಟ್ರಿಗರ್ ಮದ್ದನ್ನೇ ಬದಲಾಯಿಸಿದ್ರು, ಹೆಚ್ಚಿನ ಫಾಲಿಕಲ್ (ಎಗ್ ಬೆಳೆಯುವ ನೀರಿನ ಚೀಲ) 18 ಮಿ.ಮೀ. ಮುಟ್ಟುವ ತನಕ ಕಾದ್ರು, 10ರಲ್ಲಿ 8 ಮಾಗಿತ್ತು. ನಿಮ್ಮ ಟ್ರಿಗರ್ ಯಾವುದು, ಆ ದಿನ ಫಾಲಿಕಲ್ ಅಳತೆ ಎಷ್ಟಿತ್ತು, ಇಷ್ಟನ್ನು ಬರೆಸಿಕೊಳ್ಳಿ.

ಮಂಗಳೂರಿನಿಂದ:
ಅಕ್ಕ, ಭಾವನ ರಿಪೋರ್ಟ್ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ನಾನು ಕುವೈತಿನಲ್ಲಿ ಹೋಟೆಲಿನ ತಂದೂರಿನ ಎದುರು ನಿಂತು ಕೆಲಸ ಮಾಡಿದವ. 30 ದಿನ ರಜೆಯಲ್ಲಿ ಊರಿಗೆ ಬಂದು ಟೆಸ್ಟ್, ಮದ್ದು, ಐವಿಎಫ್ ಎಲ್ಲ ಮುಗಿಸುವ ಅಂತ ಲೆಕ್ಕ ಹಾಕಿದ್ದೆ. ಆಗುವುದಿಲ್ಲ ಮಾರಾಯ್ರೆ. ವೀರ್ಯಾಣು ತಯಾರಾಗ್ಲಿಕ್ಕೇ ಸುಮಾರು 74 ದಿನ ಬೇಕು, ಹೊರಗೆ ಬರ್ಲಿಕ್ಕೆ ಇನ್ನೂ ಒಂದೆರಡು ವಾರ. ಇವತ್ತು ಸಿಗರೇಟ್ ಬಿಟ್ರೆ ಪ್ರಯೋಜನ ಕಾಣುವುದು ಮೂರು ತಿಂಗಳಿಗೆ. ಜೋರು ಜ್ವರ ಬಂದ್ರೂ ಎರಡು ಮೂರು ತಿಂಗಳು ಪೆಟ್ಟು. ಜಿಮ್ಮಿನಲ್ಲಿ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗಂತೂ ಕೌಂಟ್ ಸೊನ್ನೆಗೂ ಇಳೀಬಹುದು.

ನನ್ನ ಕೌಂಟ್ ಮಿ.ಲೀ.ಗೆ 22 ಮಿಲಿಯನ್ ಇತ್ತು. 2021ರ ಡಬ್ಲ್ಯುಎಚ್‌ಒ ಕೈಪಿಡಿಯ ಪ್ರಕಾರ ಕೆಳಗಿನ ಗಡಿ 16, ಹಾಗಾಗಿ ಯಾರೂ ಮುಂದೆ ನೋಡಲಿಲ್ಲ. ಎರಡು ಸಲವೂ ಎಂಬ್ರಿಯೋ (ಭ್ರೂಣ) ಮೂರನೇ ದಿನದ ಮೇಲೆ ಬೆಳೆಯಲಿಲ್ಲ. ಆಮೇಲೆ ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಅಂತ ನೋಡುವ ಡಿಎನ್‌ಎ ಫ್ರಾಗ್ಮೆಂಟೇಶನ್ ಟೆಸ್ಟ್ ಮಾಡಿಸಿದ್ರೆ ಜಾಸ್ತಿ ಬಂತು. ಮೊದಲೆರಡು ದಿನ ಎಂಬ್ರಿಯೋ ಹೆಚ್ಚಾಗಿ ಎಗ್ ಕಟ್ಟಿಕೊಟ್ಟ ಬುತ್ತಿಯಲ್ಲೇ ಬೆಳೀತದಂತೆ, ಗಂಡಸಿನ ಪಾಲಿನ ಡಿಎನ್‌ಎ ಕೆಲಸಕ್ಕಿಳಿಯುವುದು ಆಮೇಲೆ. ನಿಮ್ಮ 4 ಹೋಗಿ 1 ಆದದ್ದಕ್ಕೆ ಆ ಕಾರಣವೂ ಇರಬಹುದು. ಎಲ್ಲರ ಕಣ್ಣು ನಿಮ್ಮ ಮೇಲೆ ಯಾಕೆ?

ಬ್ರಹ್ಮಾವರದಿಂದ:
ನಿಮ್ಮ ಪ್ರಾಯ ಎಷ್ಟು? ನನಗೆ 41. 7ರಲ್ಲಿ 6 ಮಾಗಿತ್ತು, ಐದನೇ ದಿನಕ್ಕೆ ಒಂದೂ ಇಲ್ಲ. ಪ್ರಾಯ ಆದ ಹಾಗೆ ಎಗ್‌ನ ಕ್ರೋಮೋಸೋಮ್ ಲೆಕ್ಕ ತಪ್ಪುವುದು ಜಾಸ್ತಿ, ಮಾಗಿದ್ರೂ ತಪ್ತದೆ. ನನಗೆ ಇದನ್ನು ಯಾರಾದ್ರೂ ಮೊದಲೇ ಬಾಯಿಬಿಟ್ಟು ಹೇಳ್ಬೇಕಿತ್ತು.

ಕಾಪುವಿನಿಂದ:
ನನಗೆ 31. ಗಂಡನ ರಿಪೋರ್ಟ್ ಕಳೆದ ವರ್ಷದ್ದು, ಒಂದೇ ಹಾಳೆ. ಆಗಸ್ಟಿನಲ್ಲಿ ಅವರಿಗೆ ಡೆಂಗ್ಯೂ ಬಂದಿತ್ತು, ನಮ್ಮ ಐವಿಎಫ್ ಅಕ್ಟೋಬರಿನಲ್ಲಿ. ಈಗ ಇಬ್ಬರೂ ಕೂತು ಕ್ಯಾಲೆಂಡರ್ ನೋಡಿದೆವು. ನಾಡಿದ್ದು ಹೊಸ ಟೆಸ್ಟಿಗೆ ಅವರೇ ಹೊರಟಿದ್ದಾರೆ.