ಸಹಾಯ ಬೇಕು: ರಕ್ತದಾನಿಯ ಮಾದರಿಯಲ್ಲಿ ಮಸುಕು ಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ರಕ್ತನಿಧಿಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ 5 ಸೋಂಕುಗಳಿಗೆ ಪರೀಕ್ಷಿಸದೆ ರಕ್ತ ಕೊಡುವಂತಿಲ್ಲವಾದ್ದರಿಂದ, ಎಲಿಸಾ (ರಕ್ತದಲ್ಲಿ ಸೋಂಕಿನ ಗುರುತು ಹುಡುಕುವ ಲ್ಯಾಬ್ ಪರೀಕ್ಷೆ) ಯಂತ್ರ ಕೆಟ್ಟಿರುವ ಈ ವಾರ, ಗೆರೆ ಮೂಡಿಸಿ ಬೇಗ ಫಲಿತಾಂಶ ತೋರಿಸುವ ರ‍್ಯಾಪಿಡ್ ಕಿಟ್‌ಗಳನ್ನೇ ನೆಚ್ಚಿಕೊಂಡಿದ್ದೇವೆ. ನಿನ್ನೆ ಸಕಲೇಶಪುರದ ಶಿಬಿರದಿಂದ ಬಂದ ಒಂದು ಮಾದರಿಯಲ್ಲಿ ಹೆಪಟೈಟಿಸ್ ಬಿ ಕಿಟ್‌ನ ಕಂಟ್ರೋಲ್ ಗೆರೆ, ಅಂದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆ, ಗಾಢವಾಗಿ ಮೂಡಿತು. ಸೋಂಕಿನ ಸುಳಿವು ಕೊಡುವ ಟೆಸ್ಟ್ ಗೆರೆ ಮಾತ್ರ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವಷ್ಟು ಮಸುಕಾಗಿತ್ತು, ಅದೂ ಓದಬೇಕಾದ ಅವಧಿಯೊಳಗೇ. ಆ ಚೀಲವನ್ನು ಪ್ರತ್ಯೇಕವಾಗಿಟ್ಟಿದ್ದೇನೆ, ಬಳಸುವ ಪ್ರಶ್ನೆಯೇ ಇಲ್ಲ. ನಿಜ ಹೇಳಬೇಕೆಂದರೆ ಗೆರೆಯೇ ಮೂಡದ ಚೀಲಗಳದ್ದೇ ನನಗೆ ಹೆಚ್ಚು ಚಿಂತೆ, ಏಕೆಂದರೆ ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಕಿಟ್‌ಗೆ ಸಿಕ್ಕದಿರಬಹುದು. ಹತ್ತಿರದಲ್ಲಿ ಎಲಿಸಾ ಮಾಡಿಕೊಡುವವರು ಯಾರು, ಮೊದಲ ಸಲ ರಕ್ತ ಕೊಟ್ಟ ಆ ಕಾಲೇಜು ಹುಡುಗನಿಗೆ ಫಲಿತಾಂಶ ದೃಢಪಡುವ ಮುನ್ನ ಏನು ಹೇಳಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.